ಹೆಸರು ಮರೆತ ಕರೆಂಟು ಸಾಮಾನು

ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯೊಂದಕ್ಕೆ ಬಣ್ಣ ಬಳಿಯಲು ಬಂದ ಹುಡುಗ ಏಣಿಯ ಮೇಲಿಂದಲೇ ಕೇಳುತ್ತಾನೆ: “ಅಮ್ಮಾ, ಇದೇನು ಇಲ್ಲಿ? ಕಿತ್ತುಬಿಡಲಾ?” ಅವನು ತೋರಿಸುತ್ತಿರುವುದು ಕಿಟಕಿ ಚೌಕಟ್ಟಿನ ಪಕ್ಕದಲ್ಲಿರುವ ಒಂದು ಪಿಂಗಾಣಿ ತುಂಡನ್ನು. ಅಂಗೈಯಷ್ಟು ಅಗಲ. ಅದರ ಮೇಲೆ ಹಿತ್ತಾಳೆಯ ಒಂದು ಅಲಗು, ಅಲಗಿನ ತುದಿಗೆ ಕರಿಯ ಹಿಡಿ. ಅಲಗನ್ನು ಮೇಲಕ್ಕೆತ್ತಿದರೆ ಮೇಲಿನ ಕಚ್ಚಿಗೆ ಕೂರುತ್ತದೆ, ಕೆಳಗಿಳಿಸಿದರೆ ಕೆಳಗಿನ ಕಚ್ಚಿಗೆ. ತಂತಿ ಮಾತ್ರ ಎಲ್ಲೂ ಇಲ್ಲ. ಮನೆಯಾಕೆ ಸೊಸೆಯಾಗಿ ಬಂದ ದಿನದಿಂದ ಅದು ಅಲ್ಲೇ ಇದೆ. ಏನೆಂದು ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ. ಬಲ್ಲವರಾಗಿದ್ದ ಮಾವನವರು ಈಗಿಲ್ಲ.

ಹಳೆಮನೆಗಳಿರುವ ಬೀದಿಗಳಲ್ಲಿ ಇಂಥ ಪ್ರಸಂಗ ದಿನವೂ ನಡೆಯುತ್ತದೆ. ಒರಳು, ಬೀಸುಕಲ್ಲು, ಶ್ಯಾವಿಗೆ ಒತ್ತು, ಈಳಿಗೆಮಣೆ ಇವುಗಳ ಬಳಕೆ ನಿಂತರೂ ಹೆಸರು ನಿಂತಿಲ್ಲ. ರಾಮನಗರದ ಜಾನಪದ ಲೋಕದಂಥ ಜಾಗದಲ್ಲಿ ಅವಕ್ಕೊಂದು ಗೌರವದ ಮೂಲೆಯಿದೆ. ಆದರೆ ನೂರು ವರ್ಷದ ಹಿಂದೆ ನಮ್ಮ ಗೋಡೆಗಳನ್ನೇರಿದ ವಿದ್ಯುತ್ತಿನ ಸಾಮಾನಿಗೆ ಆ ಭಾಗ್ಯ ಸಿಕ್ಕಿಲ್ಲ. ಅವುಗಳ ಹೆಸರು ಗೊತ್ತಿದ್ದದ್ದು ಎಲೆಕ್ಟ್ರಿಷಿಯನ್ನರಿಗೆ, ಲೈನ್‌ಮನ್‌ಗಳಿಗೆ. ಅವರ ತಲೆಮಾರು ಸರಿದಂತೆ ಹೆಸರೂ ಸರಿಯುತ್ತಿದೆ. ಒಂದೊಂದು ವಸ್ತುವಿನ ಹಿಂದೆಯೂ ಆ ಕಾಲದ ಒಂದು ಭಯವೋ ಒಂದು ಕೊರತೆಯೋ ಸರ್ಕಾರದ ಒಂದು ಲೆಕ್ಕವೋ ಇದೆ. ಅದನ್ನು ಗುರುತಿಸಬಲ್ಲವರಿಗೆ ಗೋಡೆಯೇ ಊರಿನ ಚರಿತ್ರೆಯನ್ನು ಹೇಳುತ್ತದೆ.

ಮೈಸೂರು ಸಂಸ್ಥಾನಕ್ಕೆ ಕರೆಂಟು ಬಂದದ್ದು ಮನೆಗಾಗಿ ಅಲ್ಲ, ಚಿನ್ನಕ್ಕಾಗಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕೊಡುವ ಯೋಜನೆ ರೂಪುಗೊಂಡಿತು. ಅದನ್ನು ಮುಂದೆ ನಿಂತು ನಡೆಸಿದವರು ಸಂಸ್ಥಾನದ ಎಂಜಿನಿಯರ್ ಆಗಿದ್ದ ಎ.ಜೆ. ಡಿ ಲಾಟ್‌ಬಿನಿಯರ್. ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. 1902ರ ಜೂನ್ 30ರಂದು ಜಲಪಾತದ ವಿದ್ಯುತ್ ಗಣಿಯನ್ನು ಮುಟ್ಟಿತು. 92 ಮೈಲಿ ಉದ್ದದ ಲೈನು, 35,000 ವೋಲ್ಟ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳ ಸಾಲಿನಲ್ಲಿ ನಿಂತ ಕೆಲಸವದು. ಯೋಜನೆಗೆ ಬಲ ಕೊಟ್ಟ ಶೇಷಾದ್ರಿ ಅಯ್ಯರ್ ಮಾತ್ರ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಗಣಿಯ ಮೂರು ವರ್ಷದ ನಂತರ ಊರಿನ ಸರದಿ. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯಲ್ಲಿ ವಿದ್ಯುತ್ ದೀಪ ಹತ್ತಿತು. 1908ರಲ್ಲಿ ಮೈಸೂರು ನಗರ ಬೆಳಗಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಚಾಮರಾಜಪೇಟೆ 1892ರ ಹೊತ್ತಿನ ಬಡಾವಣೆ. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ನೆನಪಿನೊಂದಿಗೆ ಬೆಳೆದವು. ಅಂದರೆ ಅಲ್ಲಿನ ಮೊದಲ ಮನೆಗಳು ಕರೆಂಟು ಬರುವ ಮೊದಲೇ ಎದ್ದವು. ಗೋಡೆಯಲ್ಲಿ ದೀಪದ ಗೂಡು ಇತ್ತು, ತೊಲೆಯಲ್ಲಿ ಲಾಂದ್ರದ ಕೊಕ್ಕೆ ಇತ್ತು, ತಂತಿಗೆ ಜಾಗ ಇರಲಿಲ್ಲ. ಗಾರೆ ಹಾಕಿ ಮುಗಿದ ಗೋಡೆಯನ್ನು ಯಾರು ಕೊರೆಯುತ್ತಾರೆ? ಹಾಗಾಗಿ ಕರೆಂಟು ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ, ಹೊಸ ನೆಂಟನ ಹಾಗೆ ಬಂದು ಕೂತಿತು. ಇಂದು ನಮಗೆ ಗುರುತು ಸಿಗದ ಸಾಮಾನಿನ ಅರ್ಧ ಪಾಲು ಹುಟ್ಟಿದ್ದೇ ಈ ಕಾರಣಕ್ಕೆ.

ಹೊರಗಿನಿಂದ ಒಳಗೆ ನಡೆದು ಬಂದರೆ ಮೊದಲು ಕಾಣುವುದು ಸೂರಿನ ಕೆಳಗೆ, ಗೋಡೆಗೆ ಬಡಿದ ಕಬ್ಬಿಣದ ಪಟ್ಟಿಯ ನಡುವೆ ಕೂತ ಬಿಳಿಯ ಪಿಂಗಾಣಿ ಉರುಳೆ. ದಾರ ಸುತ್ತುವ ದೊಡ್ಡ ರೀಲಿನ ಹಾಗೆ ಸೊಂಟ ಸಣ್ಣಗಾಗಿ ಎರಡು ಕಡೆ ಅಂಚು ಅಗಲವಾಗಿರುತ್ತದೆ. ಕಂಬದಿಂದ ಬಂದ ಸರ್ವಿಸ್ ವೈರ್‌ನ ಎಳೆತವನ್ನು ತಡೆದು ಹಿಡಿಯುತ್ತಿದ್ದ ಶ್ಯಾಕಲ್ ಇನ್ಸುಲೇಟರ್ ಅದು. ಈಗ ಕೇಬಲ್ ನೆಲದಡಿಯಲ್ಲಿ ಬರುವ ಬೀದಿಗಳಲ್ಲೂ ಅದು ಅಲ್ಲೇ ಉಳಿದಿದೆ, ಗುಬ್ಬಿಯೂ ಪಾರಿವಾಳವೂ ಕೂರುವ ಜಾಗವಾಗಿ. ಪಕ್ಕದಲ್ಲೇ ಮೇಲ್ತುದಿಯಲ್ಲಿ ಕೊಡೆಯ ಹಿಡಿಯ ಹಾಗೆ ಬಾಗಿದ ಕಬ್ಬಿಣದ ಕೊಳವೆ ಇರುತ್ತದೆ. ಬಾಯಿ ಕೆಳಮುಖವಾಗಿರುವುದು ಮಳೆನೀರು ತಂತಿಯ ಜೊತೆ ಒಳಗೆ ಇಳಿಯಬಾರದೆಂದು. ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸಿನಲ್ಲಿ, ಸಂಸ್ಥಾನದ ಪಿಂಗಾಣಿ ಕಾರ್ಖಾನೆಯೊಂದು ಇನ್ಸುಲೇಟರ್ ಮಾಡುತ್ತಿತ್ತು. ಆಮೇಲೆ ಅದು ಬಿಎಚ್‌ಇಎಲ್ ತೆಕ್ಕೆಗೆ ಬಂತು. ಆದ್ದರಿಂದ ಕಂಬದ ಮೇಲಿನ ಹಳೆಯ ಪಿಂಗಾಣಿಯನ್ನು ಕಂಡಾಗ ಅದು ಇಂಗ್ಲೆಂಡಿನಿಂದ ಹಡಗೇರಿ ಬಂದದ್ದೆಂದೇ ಭಾವಿಸಬೇಕಿಲ್ಲ.

ಬಾಗಿಲ ಚೌಕಟ್ಟಿಗೆ ಬನ್ನಿ. ಅಲ್ಲೊಂದು ತಗಡಿನ ಬಿಲ್ಲೆ, ಅಥವಾ ಬಣ್ಣದಲ್ಲಿ ಬರೆದ ಅಕ್ಷರ, ಸಂಖ್ಯೆ. ಮನೆ ನಂಬರ್ ಅಲ್ಲ. ಅದು ಆರ್‌.ಆರ್‌. ನಂಬರ್. ಇಂದಿಗೂ ಕರ್ನಾಟಕದಲ್ಲಿ ಕರೆಂಟು ಬಿಲ್ಲು ಕಟ್ಟುವವರೆಲ್ಲ ಬರೆಯುವ ಸಂಖ್ಯೆಯಿದು. ಆ ಎರಡು ಆರ್‌ಗಳ ಬಿಡಿಸಿದ ರೂಪ ರೆವಿನ್ಯೂ ರಿಜಿಸ್ಟರ್, ಅಂದರೆ ವಸೂಲಿಯ ಲೆಡ್ಜರ್. ಮೊಬೈಲಿನಲ್ಲಿ ಬಿಲ್ಲು ಕಟ್ಟುವ ಹುಡುಗಿ ದಪ್ಪ ರಟ್ಟಿನ ಆ ಲೆಡ್ಜರಿನ ಪುಟವನ್ನೇ ಪ್ರತಿ ತಿಂಗಳು ತೆರೆಯುತ್ತಿದ್ದಾಳೆ, ಅವಳಿಗೆ ತಿಳಿಯದಂತೆ.

ಕೆಲವು ಹಳೆಯ ಸಂಖ್ಯೆಗಳ ಜೊತೆ ಎ.ಇ.ಎಚ್. ಎಂಬ ಮೂರು ಅಕ್ಷರ ಅಂಟಿಕೊಂಡಿರುತ್ತವೆ. ಆಲ್ ಎಲೆಕ್ಟ್ರಿಕ್ ಹೋಮ್. ದೀಪದ ಕರೆಂಟಿಗೊಂದು ದರ, ನೀರು ಕಾಯಿಸುವ, ಅಡುಗೆ ಮಾಡುವ ಕರೆಂಟಿಗೆ ಇನ್ನೊಂದು ದರ ಇದ್ದ ಕಾಲದ ಗುರುತು ಇದು. ಎರಡು ದರ ಎಂದರೆ ಎರಡು ಲೆಕ್ಕ, ಎರಡು ಲೆಕ್ಕ ಎಂದರೆ ಎರಡು ಮೀಟರು, ಎರಡು ಜೊತೆ ತಂತಿ. ಹಳೆಯ ಮನೆಯಲ್ಲಿ ಒಂದೇ ಕೋಣೆಗೆ ಎರಡು ಬೇರೆ ಬೇರೆ ಕೊಳವೆಗಳು ಏಕೆ ಬಂದಿವೆ, ಮೀಟರಿನ ಹಲಗೆಯ ಮೇಲೆ ಎರಡನೆಯ ಮೀಟರು ಕಿತ್ತ ಗುರುತು ಏಕಿದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಈ ದರಪಟ್ಟಿಯಲ್ಲಿದೆ. ದುಂಡು ಕಡ್ಡಿಗಳ ಮೂರು ಪಿನ್ನಿನ ಪ್ಲಗ್ಗಿನಲ್ಲಿ 5 ಆಂಪಿಯರ್, 15 ಆಂಪಿಯರ್ ಎಂಬ ಎರಡು ಗಾತ್ರ ಇದೇ ಲೋಕಕ್ಕೆ ಹೊಂದಿ ಬಂದವು. ಬ್ರಿಟಿಷರ ಅಳತೆಯದು, ಬ್ರಿಟನ್ನಿನ ಮನೆಗಳು ಅದನ್ನು ಬಿಟ್ಟು ಚಪ್ಪಟೆ ಪಿನ್ನಿಗೆ ಹೋದವು. ನಾವು 6 ಮತ್ತು 16 ಎಂದು ಸಂಖ್ಯೆ ತಿದ್ದಿಕೊಂಡು ದುಂಡು ಪಿನ್ನನ್ನೇ ಉಳಿಸಿಕೊಂಡೆವು.

ಮೀಟರು ಹಲಗೆ ಸಾಮಾನ್ಯವಾಗಿ ಜಗಲಿಯಲ್ಲೋ ಮೆಟ್ಟಿಲ ಕೆಳಗೋ ಇರುತ್ತದೆ. ಕರಿಯ ಪೆಟ್ಟಿಗೆ, ಗಾಜಿನ ಕಿಟಕಿ, ಅದರೊಳಗೆ ಅಂಚು ಮಾತ್ರ ಕಾಣುವಂತೆ ಅಡ್ಡಲಾಗಿ ತಿರುಗುವ ಅಲ್ಯೂಮಿನಿಯಂ ತಟ್ಟೆ. ಇದರ ಹಿಂದಿನ ತತ್ವ ಇಟಲಿಯ ಗೆಲಿಲಿಯೋ ಫೆರಾರಿಸ್ ಅವರದು, 1885ರದು. ಅದನ್ನು ಮನೆಬಳಕೆಯ ಮೀಟರಾಗಿಸಿದವರು ಹಂಗೆರಿಯ ಓಟೋ ಬ್ಲಾತಿ, 1889ರಲ್ಲಿ. ತಟ್ಟೆಯನ್ನು ತಂತಿ ಮುಟ್ಟುವುದಿಲ್ಲ, ಹಲ್ಲುಚಕ್ರ ತಳ್ಳುವುದಿಲ್ಲ. ಎರಡು ಸುರುಳಿಗಳ ಕಾಂತಬಲ ತಟ್ಟೆಯಲ್ಲೇ ಹುಟ್ಟಿಸಿದ ವಿದ್ಯುತ್ ಅದನ್ನು ತಿರುಗಿಸುತ್ತದೆ. ಒಂದು ಕಾಯಂ ಅಯಸ್ಕಾಂತ ಬ್ರೇಕಿನಂತೆ ಹಿಡಿಯುತ್ತದೆ. ತಟ್ಟೆಯ ಅಂಚಿನಲ್ಲೊಂದು ಕೆಂಪೋ ಕಪ್ಪೋ ಗುರುತು ಇರುತ್ತದೆ. ಮುಖಫಲಕದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಸುತ್ತು ಎಂದು ಅಚ್ಚಾಗಿರುತ್ತದೆ. 1200 ಸುತ್ತು ಎಂದಿದ್ದರೆ, ಮನೆಯಲ್ಲೆಲ್ಲ ಆರಿಸಿ 60 ವ್ಯಾಟಿನ ಒಂದೇ ಬಲ್ಬು ಹಾಕಿದಾಗ ಆ ಗುರುತು 50 ಸೆಕೆಂಡಿಗೊಮ್ಮೆ ಕಣ್ಮುಂದೆ ಹಾದುಹೋಗಬೇಕು. ಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತು ಇದನ್ನು ಪರೀಕ್ಷಿಸುತ್ತಿದ್ದ ಹಿರಿಯರು ಎಷ್ಟೋ ಮನೆಗಳಲ್ಲಿದ್ದರು. ಈ ಶತಮಾನದ ಆರಂಭದಿಂದ ಎಲೆಕ್ಟ್ರಾನಿಕ್ ಮೀಟರುಗಳು ಬಂದು ಆ ತಟ್ಟೆಯನ್ನು ಮನೆಯಿಂದ ಕಳಿಸಿದವು. ಈಗ ಮಿನುಗುವ ಕೆಂಪು ಚುಕ್ಕಿ ಅದೇ ಲೆಕ್ಕವನ್ನು ಹೇಳುತ್ತದೆ, ಆದರೆ ಅದನ್ನು ಎಣಿಸುತ್ತಾ ನಿಲ್ಲುವವರು ಕಡಿಮೆ.

ಮೀಟರಿನ ಪಕ್ಕದಲ್ಲೇ ಪಿಂಗಾಣಿಯ ಫ್ಯೂಸು. ಕೆಲವರು ಕಟೌಟ್ ಎಂದರು, ಅಂಗಡಿಯವರು ಕಿಟ್‌ಕ್ಯಾಟ್ ಎಂದರು. ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗೋಡೆಗೆ ಅಂಟಿದ ತಳ ಒಂದು, ಎಳೆದರೆ ಹೊರಬರುವ ಹಿಡಿ ಇನ್ನೊಂದು. ಹಿಡಿಯ ಹಿಂಭಾಗದಲ್ಲಿ ಎರಡು ಹಿತ್ತಾಳೆಯ ನಾಲಗೆ, ಎರಡಕ್ಕೂ ಒಂದೊಂದು ಸ್ಕ್ರೂ, ನಡುವೆ ಒಂದು ಕಾಲುವೆ. ಆ ಕಾಲುವೆಯಲ್ಲಿ ಒಂದು ಸ್ಕ್ರೂನಿಂದ ಇನ್ನೊಂದಕ್ಕೆ ಕೂದಲಿನಂಥ ಎಳೆ. ಮನೆಯ ಸುರಕ್ಷತೆ ನಿಂತಿದ್ದು ಆ ಎಳೆಯ ಮೇಲೆ. 5 ಆಂಪಿಯರಿಗೆ 0.2 ಮಿ.ಮೀ., 15 ಆಂಪಿಯರಿಗೆ 0.5 ಮಿ.ಮೀ. ದಪ್ಪದ ತವರ ಲೇಪಿಸಿದ ತಾಮ್ರ. ಮಿತಿ ಮೀರಿದರೆ ಕರಗಿ ತಾನು ಸತ್ತು ಮನೆಯನ್ನು ಉಳಿಸುವುದು ಅದರ ಕೆಲಸ. ಹಳೆಯ ಹಿಡಿಯೊಂದನ್ನು ಬೆಳಕಿಗೆ ಹಿಡಿದರೆ ಕಾಲುವೆಯ ಉದ್ದಕ್ಕೂ ಹೊಗೆಯ ಕಪ್ಪು, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ತಾಮ್ರದ ಗುಂಡು ಕಾಣುತ್ತವೆ. ಅದೊಂದೊಂದೂ ಒಂದೊಂದು ಕತ್ತಲ ರಾತ್ರಿ: ಮನೆಯ ಯಜಮಾನರು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಾರೆ, ಮಗಳು ಮೇಣದ ಬತ್ತಿ ಹಿಡಿದಿದ್ದಾಳೆ, ಅಡುಗೆಮನೆಯಿಂದ “ಮೇನ್ ಆಫ್ ಮಾಡಿದ್ರಾ?” ಎಂಬ ಕೂಗು ಎರಡನೆಯ ಸಲ ಬರುತ್ತಿದೆ.

ಫ್ಯೂಸು ಪದೇ ಪದೇ ಹೋದರೆ ಮನೆಮಂದಿ ಮಾಡುತ್ತಿದ್ದ ತಪ್ಪು ಎಲ್ಲೆಡೆಯೂ ಒಂದೇ. ಹಳೆಯ ವೈರಿನಿಂದ ನಾಲ್ಕೈದು ತಾಮ್ರದ ಎಳೆ ಕಿತ್ತು ಹೊಸೆದು ಕಟ್ಟುವುದು. ಆಮೇಲೆ ಫ್ಯೂಸು ಹೋಗುವುದಿಲ್ಲ, ಗೋಡೆಯೊಳಗಿನ ತಂತಿ ಹೋಗುತ್ತದೆ. ಈ ಮಾನವ ಸಹಜ ಅವಸರಕ್ಕೆ ಉತ್ತರವಾಗಿಯೇ ತಾನಾಗಿ ಬೀಳುವ, ಬೆರಳಿನಿಂದ ಎತ್ತಿದರೆ ಮತ್ತೆ ನಿಲ್ಲುವ ಎಂಸಿಬಿ ಬಂದದ್ದು. ಜರ್ಮನಿಯ ಹ್ಯೂಗೋ ಸ್ಟಾಟ್ಜ್ ಕಂಪನಿ ಅದರ ಪೇಟೆಂಟ್ ಪಡೆದದ್ದು 1924ರಲ್ಲೇ. ನಮ್ಮ ಮಧ್ಯಮವರ್ಗದ ಮನೆಗಳಿಗೆ ಅದು ತಲುಪುವ ಹೊತ್ತಿಗೆ ಎರಡು ತಲೆಮಾರು ಫ್ಯೂಸ್ ಕಟ್ಟುವುದರಲ್ಲೇ ಕಳೆದಿತ್ತು. ಬಿಲ್ಲು ಕಟ್ಟದ ಮನೆಗೆ ಬಂದ ಲೈನ್‌ಮನ್ ಕಿತ್ತುಕೊಂಡು ಹೋಗುತ್ತಿದ್ದದ್ದೂ ಇದೇ ಪಿಂಗಾಣಿ ಹಿಡಿಯನ್ನು. ಎದುರುಮನೆಯವರ ಕಣ್ಣೆದುರು ಆ ಬಿಳಿಯ ತುಂಡು ಅವನ ಚೀಲ ಸೇರುವುದು ಸಂಸಾರಸ್ಥರಿಗೆ ಆಗುತ್ತಿದ್ದ ದೊಡ್ಡ ಅವಮಾನ.

ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ನೆಲದಿಂದ ಗೇಣುದ್ದ ಎದ್ದ ಕೊಳವೆಯೊಂದಿರುತ್ತದೆ. ಸುತ್ತ ಸಿಮೆಂಟಿನ ಕಟ್ಟೆ, ಮೇಲೊಂದು ಮುಚ್ಚಳ. ಮನೆ ಕೊಂಡವರು ಹಳೆಯ ನಲ್ಲಿಯೆಂದು ಭಾವಿಸಿ ಕತ್ತರಿಸಿಹಾಕಿದ ಉದಾಹರಣೆಗಳಿವೆ. ಕತ್ತರಿಸಬಾರದು; ಅದು ಅರ್ಥಿಂಗ್. ಕೆಳಗೆ ಗುಂಡಿಯಲ್ಲಿ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹೀಗೆ ತುಂಬಿರುತ್ತಾರೆ. ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಎರಡು ಬಿಂದಿಗೆ ನೀರು ಸುರಿಯಬೇಕಿತ್ತು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದೂ ಇದೇ ಕೊಳವೆಗಾಗಿ: ಕರೆಂಟು ಮುಟ್ಟುವ ಮುಂಚೆ ಭೂಮಿ ಮುಟ್ಟಬೇಕು, ತೆಗೆಯುವಾಗ ಭೂಮಿ ಕೊನೆಗೆ ಬಿಡಬೇಕು.

ಈಗ ಒಳಗೆ. ಗೋಡೆಯ ಮೇಲ್ಭಾಗದಲ್ಲಿ, ತೊಲೆಗಳ ಮಗ್ಗುಲಲ್ಲಿ ಓಡುವ ತೇಗದ ಪಟ್ಟಿ. ಅದರ ಮೇಲೆ ಜೋಡಿ ತಂತಿ, ಗೇಣಿಗೊಂದರಂತೆ ತಗಡಿನ ಕ್ಲಿಪ್ಪು. ಇದು ಬ್ಯಾಟನ್ ವೈರಿಂಗ್. ಇದಕ್ಕೂ ಹಳೆಯದು ಕೇಸಿಂಗ್ ಕ್ಯಾಪಿಂಗ್: ಎರಡು ಕಾಲುವೆ ಕೊರೆದ ಮರದ ಪಟ್ಟಿ, ಮೇಲೊಂದು ಮರದ ಮುಚ್ಚಳ. ಇನ್ನೂ ಸರಳವಾದದ್ದು ಕ್ಲೀಟು, ಅಂದರೆ ಪಿಂಗಾಣಿಯ ಎರಡು ಹಲ್ಲೆಗಳ ನಡುವೆ ತಂತಿಯನ್ನು ಕಚ್ಚಿಸಿ ಗೋಡೆಯಿಂದ ಎತ್ತಿ ಹಿಡಿಯುವುದು. ತಂತಿಯ ಮೇಲಿನ ಹೊದಿಕೆ ಪ್ಲಾಸ್ಟಿಕ್ ಅಲ್ಲ, ರಬ್ಬರು, ಅದರ ಮೇಲೆ ಹತ್ತಿಯ ಹೆಣಿಗೆ. ದಶಕಗಳು ಕಳೆದ ಮೇಲೆ ಈ ರಬ್ಬರು ಹಪ್ಪಳದಂತಾಗುತ್ತದೆ. ಬೆರಳು ತಾಗಿದರೆ ಪುಡಿಯಾಗಿ ಬೆತ್ತಲೆ ತಾಮ್ರ ಹೊರಬರುತ್ತದೆ. ಹಳೆಯ ಬ್ಯಾಟನ್ ಚೆಂದ ಕಾಣುತ್ತದೆಂದು ಉಳಿಸಿಕೊಳ್ಳುವವರು ಮರವನ್ನು ಉಳಿಸಿಕೊಳ್ಳಲಿ, ತಂತಿಯನ್ನು ಖಂಡಿತ ಬದಲಿಸಲಿ.

ಸ್ವಿಚ್ಚು ದುಂಡಗೆ, ಕಿತ್ತಳೆಯ ಅರ್ಧ ಹೋಳಿನಂತೆ, ಮರದ ದುಂಡು ದಿಮ್ಮಿಯ ಮೇಲೆ ಕೂತಿರುತ್ತದೆ. ಮುಚ್ಚಳ ಹಿತ್ತಾಳೆಯದೋ ಕರಿಯ ಬೇಕಲೈಟಿನದೋ. ಬೇಕಲೈಟು 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಮೊದಲ ಸಂಪೂರ್ಣ ಕೃತಕ ಪ್ಲಾಸ್ಟಿಕ್. ಮನೆಯಲ್ಲಿ ಕರೆಂಟಿನ ಸಾಮಾನಿಗೆ ಕಪ್ಪು, ಕಂದು ಬಣ್ಣ ಬಂದದ್ದು ಅದರಿಂದ. ಒತ್ತಿದಾಗ ‘ಟಪ್’ ಎಂದು ಗಟ್ಟಿಯಾಗಿ ಕೇಳುವ ಸದ್ದಿಗೂ ಕಾರಣವಿದೆ. ನಿಧಾನವಾಗಿ ಬಿಡಿಸಿಕೊಂಡರೆ ಎರಡು ಲೋಹಗಳ ನಡುವೆ ಕಿಡಿ ಎದ್ದು ಸುಡುತ್ತದೆ. ಬೆರಳು ಎಷ್ಟೇ ನಿಧಾನ ಒತ್ತಿದರೂ ಒಳಗಿನ ಸ್ಪ್ರಿಂಗು ಥಟ್ಟನೆ ಬಿಡಿಸುವ ಉಪಾಯವನ್ನು 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ ಕಂಡುಹಿಡಿದರು. ಕೆಳಗೆ ಒತ್ತಿದರೆ ಹತ್ತುವುದು, ಮೇಲೆತ್ತಿದರೆ ಆರುವುದು ಎಂಬ ನಮ್ಮ ರೂಢಿ ಬ್ರಿಟಿಷರದು. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿಗೆ ಹೋದ ಕನ್ನಡಿಗರು ಮೊದಲ ವಾರವೆಲ್ಲ ತಡವರಿಸುವುದು ಇದರಿಂದಲೇ.

ಚಾವಣಿಯಲ್ಲಿ ಬಟ್ಟಲು ಬೋರಲು ಹಾಕಿದಂತಿರುವ ಪಿಂಗಾಣಿ ಅಥವಾ ಬೇಕಲೈಟಿನ ಮುಚ್ಚಳ ಸೀಲಿಂಗ್ ರೋಸ್. ಅದರಿಂದ ಹೊಸೆದ ಜೋಡಿ ವೈರು ಇಳಿದು, ತುದಿಯಲ್ಲಿ ಹೋಲ್ಡರ್, ಬಲ್ಬು. ಬಲ್ಬಿನ ಮೇಲೆ ಮೈಸೂರು ಲ್ಯಾಂಪ್ಸ್ ಎಂಬ ಮುದ್ರೆ. 1936ರಲ್ಲಿ ಶುರುವಾದ ಆ ಕಾರ್ಖಾನೆ ಬೆಂಗಳೂರಿನದೇ. ಸಂಜೆ ಆ ಬಲ್ಬು ಹತ್ತಿದ ಕೂಡಲೇ ಮನೆಯ ಹಿರಿಯರು ಕೈ ಮುಗಿಯುತ್ತಿದ್ದರು. ಎಣ್ಣೆಯ ದೀಪಕ್ಕೆ ಸಲ್ಲುತ್ತಿದ್ದ ನಮಸ್ಕಾರ ಗಾಜಿನ ಬುರುಡೆಗೂ ಸಂದಿತು. ನಮ್ಮ ಮಾತೂ ಹಾಗೆಯೇ ನಡೆದು ಬಂತು. ಸ್ವಿಚ್ಚು ಒತ್ತುವಾಗಲೂ ‘ದೀಪ ಹಚ್ಚು’ ಎನ್ನುವ ಬಾಯಿಗಳು ಇನ್ನೂ ಇವೆ.

ಗುಜರಿ ಡಬ್ಬಿಗಳಲ್ಲಿ ಸಿಕ್ಕಿ ಎಲ್ಲರನ್ನೂ ಗೊಂದಲಕ್ಕೆ ಕೆಡಹುವ ಒಂದು ಸಣ್ಣ ವಸ್ತುವಿದೆ. ಮೇಲ್ಭಾಗ ಥೇಟ್ ಬಲ್ಬಿನ ಬುಡದಂತೆ, ಎರಡು ಕಡೆ ಮೊಳೆ. ಕೆಳಭಾಗದಲ್ಲಿ ಗಾಜಿಲ್ಲ, ಎರಡು ತೂತು. ಬಲ್ಬು ತೆಗೆದು ಹೋಲ್ಡರಿಗೆ ಇದನ್ನು ತಿರುಗಿಸಿ ಕೂರಿಸಿದರೆ ದೀಪದ ಜಾಗವೇ ಪ್ಲಗ್ ಪಾಯಿಂಟ್. ಗೋಡೆಯಲ್ಲಿ ಪ್ಲಗ್ಗೇ ಇಲ್ಲದ, ದೀಪಕ್ಕೆ ಮಾತ್ರ ಕರೆಂಟು ಪಡೆದ ಮನೆಗಳಲ್ಲಿ ರೇಡಿಯೋ, ಟೇಬಲ್ ಫ್ಯಾನು ಇದರಿಂದ ನೇತಾಡುವ ವೈರಿನಲ್ಲಿ ನಡೆದವು. ಇಸ್ತ್ರಿ ಪೆಟ್ಟಿಗೆಯೂ ನಡೆಯಿತು, ಅದು ಅಪಾಯದ್ದು: ಹೋಲ್ಡರಿಗೆ ಅರ್ಥ್ ಇಲ್ಲ, ಲೋಹದ ಪೆಟ್ಟಿಗೆ ಶಾಕ್ ಹೊಡೆದರೆ ತಡೆಯುವವರಿಲ್ಲ. ಆದರೂ ಈ ವಸ್ತುವನ್ನು ಹಗುರವಾಗಿ ಕಾಣಬಾರದು. ಕರ್ನಾಟಕದಲ್ಲಿ ಬಡಕುಟುಂಬಗಳಿಗಾಗಿ ಬಂದ ಭಾಗ್ಯಜ್ಯೋತಿ ಯೋಜನೆ ಮನೆಗೆ ಒಂದೇ ದೀಪ ಕೊಟ್ಟಿತು. ಆ ಒಂದು ಬಲ್ಬಿನ ಮನೆಯಲ್ಲಿ ಮಗನೊಬ್ಬ ಸಂತೆಯಿಂದ ರೇಡಿಯೋ ತಂದಾಗ ದಾರಿ ಮಾಡಿಕೊಟ್ಟದ್ದು ಹೆಬ್ಬೆರಳು ಗಾತ್ರದ ಈ ಅಡಾಪ್ಟರ್.

ಫ್ಯಾನಿನ ರೆಗ್ಯುಲೇಟರ್ ಎಂದರೆ ಈಗ ಬೆರಳ ತುದಿಯ ಗುಂಡಿ. ಹಿಂದೆ ಅದು ಗೋಡೆಯ ಮೇಲಿನ ಡಬ್ಬಿ, ಮೈಗೆಲ್ಲ ಗಾಳಿಯಾಡುವ ಸೀಳು, ಮುಟ್ಟಿದರೆ ಬೆಚ್ಚಗೆ. ಒಳಗಿದ್ದದ್ದು ಪಿಂಗಾಣಿಗೆ ಸುತ್ತಿದ ತಂತಿ. ಫ್ಯಾನಿಗೆ ಹೋಗಬೇಕಾದ ಕರೆಂಟಿನ ಪಾಲನ್ನು ಅದು ಶಾಖವಾಗಿ ಸುಡುತ್ತಿತ್ತು. ಫ್ಯಾನು ನಿಧಾನ ಮಾಡಿದ್ದೇವೆ, ಬಿಲ್ಲು ಅರ್ಧವಾಗುತ್ತದೆ ಎಂದು ನಂಬಿದ್ದವರಿಗೆ ಮೀಟರಿನ ತಟ್ಟೆ ಬೇರೆಯೇ ಹೇಳುತ್ತಿತ್ತು.

ಮೂರು ಫೇಸ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಬಳಿ ಕೆಂಪು, ಹಳದಿ, ನೀಲಿ ಗುರುತಿನ ತಿರುಗುಗುಂಡಿ ಕಂಡರೆ ಅದು ಫೇಸ್ ಬದಲಿಸುವ ಸ್ವಿಚ್ಚು. ಒಂದು ಫೇಸ್ ಹೋದಾಗ ಅಥವಾ ಸಂಜೆಯ ಹೊತ್ತು ಬಲ್ಬು ಮಿಣುಕಾದಾಗ ಇನ್ನೊಂದಕ್ಕೆ ಹೊರಳಿಸಲು. ಟಿ.ವಿ. ಪಕ್ಕದ ಸ್ಟೆಬಿಲೈಸರ್ ಕೂಡ ಅದೇ ಮಿಣುಕು ದೀಪದ ಕೂಸು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಸಾಲ ಮಾಡಿ ತಂದ ಟಿ.ವಿ.ಗೆ ಏರಿಳಿಯುವ ವೋಲ್ಟೇಜಿನಿಂದ ಏನಾದರೂ ಆದೀತೆಂಬ ಹೆದರಿಕೆಗೆ ಆ ಡಬ್ಬಿ ‘ಟಿಕ್ ಟಿಕ್’ ಎಂದು ರಿಲೇ ಬದಲಿಸುತ್ತಾ ಧೈರ್ಯ ಹೇಳುತ್ತಿತ್ತು.

ಕಿಟಕಿಯ ಪಕ್ಕದ ಪಿಂಗಾಣಿಗೆ ಈಗ ಮರಳಬಹುದು. ಅದರ ಕೀಲಿಕೈ ಮೈಸೂರಿನಲ್ಲಿದೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಪ್ರಸಾರ ಶುರುಮಾಡಿದರು. ಒಬ್ಬ ಪ್ರಾಧ್ಯಾಪಕರ ಮನೆಯ ಆ ಹೆಸರು ಆಮೇಲೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಉಳ್ಳವರ ಮನೆಗೆ ವಾಲ್ವ್ ರೇಡಿಯೋ ಬಂತು. ಅದರ ಕಿವಿ ಚಿಕ್ಕದು. ದೂರದ ದನಿ ಹಿಡಿಯಲು ಚಾವಣಿಯ ಮೇಲೆ ಎರಡು ಗಳುಗಳ ನಡುವೆ ಉದ್ದದ ತಾಮ್ರದ ತಂತಿ ಕಟ್ಟಬೇಕಿತ್ತು. ಏರಿಯಲ್ ಎಂದರೆ ಅದು. ಅಲ್ಲಿಂದ ಒಂದು ತಂತಿ ಕಿಟಕಿಯ ಮೂಲಕ ಒಳಗಿಳಿದು ರೇಡಿಯೋ ಸೇರುತ್ತಿತ್ತು.

ಮುಂಗಾರು ಮುನ್ನದ ಮೇ ತಿಂಗಳ ಗುಡುಗು ಮಳೆಯಲ್ಲಿ ಆಕಾಶಕ್ಕೆ ಚಾಚಿದ ತಾಮ್ರದ ತಂತಿಯೊಂದು ನಡುಮನೆಯ ಮೇಜಿನವರೆಗೆ ಬಂದಿರುವುದೆಂದರೆ ಏನು? ಸಿಡಿಲಿಗೆ ಬಾಗಿಲು ತೆರೆದಿಟ್ಟಂತೆ. ಅದಕ್ಕಾಗಿ ಕಿಟಕಿಯ ಬಳಿ ಈ ಸ್ವಿಚ್ಚು. ನಡುವಿನ ಅಲಗಿಗೆ ಏರಿಯಲ್, ಮೇಲಿನ ಕಚ್ಚಿಗೆ ರೇಡಿಯೋ, ಕೆಳಗಿನ ಕಚ್ಚಿಗೆ ನೆಲದಲ್ಲಿ ಹೂತ ಅರ್ಥ್. ಕೇಳುವಾಗ ಅಲಗು ಮೇಲೆ. ಮೋಡ ಕಟ್ಟಿದರೆ ಯಾರಾದರೂ ಎದ್ದು ಹೋಗಿ ಕೆಳಕ್ಕೆ ಹಾಕಬೇಕು. ಮೋಡ ಗುಡುಗಲು ಶುರುವಾದ ಮೇಲೆ ಅದರ ಹತ್ತಿರ ಸುಳಿಯಬಾರದು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಏರಿಯಲ್ ಡಬ್ಬಿಯೊಳಗೇ ಸೇರಿಕೊಂಡಿತು, ಚಾವಣಿಯ ತಾಮ್ರ ಗುಜರಿಗೆ ಹೋಯಿತು. ಗೋಡೆಯಿಂದ ಕೀಳುವ ತೊಂದರೆಗೆ ಅಂಜಿ ಪಿಂಗಾಣಿಯನ್ನು ಬಿಟ್ಟರು. ಪ್ರತಿ ದೀಪಾವಳಿ, ಪ್ರತಿ ಮದುವೆಯ ಸುಣ್ಣ ಅದರ ಮೇಲೆ ಒಂದೊಂದು ಪದರವಾಗಿ ಕೂತಿತು.

ಹೀಗೆ ಕಥೆ ಹೇಳುವವರು ಇಲ್ಲದ ಕಡೆ ವಸ್ತುವನ್ನೇ ಓದಬೇಕಾಗುತ್ತದೆ. ಫಲಕದ ಮೇಲೆ ಸೈಕಲ್ಸ್ ಎಂದಿದೆಯೋ ಹರ್ಟ್ಜ್ ಎಂದಿದೆಯೋ ನೋಡಬೇಕು. ಹರ್ಟ್ಜ್ ಎಂಬ ಅಳತೆಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆದ್ದರಿಂದ ಸೈಕಲ್ಸ್ ಎಂದಿದ್ದರೆ ವಸ್ತು ಅದಕ್ಕೂ ಹಿಂದಿನದು ಅಥವಾ ಅದರ ಆಸುಪಾಸಿನದು. 25 ಸೈಕಲ್ಸ್ ಎಂದಿದ್ದರೆ ಇನ್ನೂ ಹಿಂದಿನ ಕಾಲದ್ದು: ಈಗಿನ 50ರ ಅರ್ಧ ವೇಗದಲ್ಲಿ ಮಿಡಿಯುತ್ತಿದ್ದ ಶಿವನಸಮುದ್ರದ ಮೊದಲ ಯಂತ್ರಗಳ ಬಂಧು ಅದು. ಮೀಟರಿನ ಮೇಲಿನ ಅಕ್ಷರಗಳೂ ಮಾತಾಡುತ್ತವೆ. ಎಂ.ಎಸ್‌.ಇ.ಬಿ. ಎಂದಿದ್ದರೆ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, ಅಂದರೆ 1957ರಿಂದ 1973ರೊಳಗಿನದು. ರಾಜ್ಯ ಕರ್ನಾಟಕವಾದ ಮೇಲೆ ಕೆ.ಇ.ಬಿ. ಅದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆ ಬೆಸ್ಕಾಂ ಮುಂತಾದ ಕಂಪನಿಗಳ ಪಾಲಾಯಿತು. ಹಳ್ಳಿಯ ಹಿರಿಯರ ಬಾಯಲ್ಲಿ ಈಗಲೂ ಅದು ಕೆ.ಇ.ಬಿ.ಯೇ.

ತಂತಿ ಎಷ್ಟು, ಅವು ಎಲ್ಲಿಗೆ ಹೋಗುತ್ತವೆ ಎನ್ನುವುದು ಮುಂದಿನ ಸುಳಿವು. ಎರಡು ತಿರುಪಿನ ಸ್ವಿಚ್ಚು ಸಾಮಾನ್ಯದ್ದು. ಮೂರಿದ್ದರೆ ಮೆಟ್ಟಿಲ ದೀಪದ್ದು, ಅದರ ಜೊತೆಗಾರ ಮಹಡಿಯಲ್ಲಿರುತ್ತಾನೆ. ಆದರೆ ಈ ಹುಡುಕಾಟಕ್ಕೆ ಇಳಿಯುವವರು ಒಂದು ಮಾತು ಮರೆಯಬಾರದು. ಹಳೆಯದಾಗಿ ಕಂಡದ್ದೆಲ್ಲ ಸತ್ತದ್ದಲ್ಲ. ಬಣ್ಣ ಮುಚ್ಚಿದ, ಯಾರೂ ಬಳಸದ ಫ್ಯೂಸಿಗೂ ಮೇನ್‌ನಿಂದ ನೇರ ಕರೆಂಟು ಬರುತ್ತಿರಬಹುದು. ಮೊದಲು ಟೆಸ್ಟರನ್ನೇ ಉರಿಯುವ ಪಾಯಿಂಟಿನಲ್ಲಿ ಪರೀಕ್ಷಿಸಿ, ಆಮೇಲೆ ಮೇನ್ ಇಳಿಸಿ, ಆ ಟೆಸ್ಟರ್ ಹಚ್ಚಿ ನೋಡಿ, ಕಡೆಗೆ ಕಲಿತ ಎಲೆಕ್ಟ್ರಿಷಿಯನ್ನರನ್ನು ಕರೆದೇ ಬಿಚ್ಚಬೇಕು. ಹಳೆಯ ಫ್ಯೂಸಿನ ತಳದಲ್ಲಿ ಬೂದುಬಿಳಿ ನಾರಿನಂಥ ಪಟ್ಟಿ ಕಂಡರೆ ಅದು ಕಲ್ನಾರು ಆಗಿರಬಹುದು, ಕೆರೆಯಬಾರದು, ಊದಬಾರದು.

ಮನೆ ಕೆಡವುವ ದಿನ ಇವುಗಳಿಗೆ ಯಾರೂ ಕಾಯುವುದಿಲ್ಲ. ತೇಗದ ಬಾಗಿಲು, ಕಂಬ, ಕಿಟಕಿಗೆ ಗಿರಾಕಿ ಮೊದಲೇ ಗೊತ್ತಾಗಿರುತ್ತಾರೆ. ಕರೆಂಟಿನ ಸಾಮಾನೆಲ್ಲ ಒಂದು ಗೋಣಿಚೀಲಕ್ಕೆ. ಗುಜರಿ ಅಂಗಡಿಯ ಮುಂದೆ ಕೂತ ಆಳು ಒಂದೊಂದನ್ನೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾನೆ. ಪಿಂಗಾಣಿ ಚೂರಾಗಿ ಸಿಡಿಯುತ್ತದೆ. ಅವನಿಗೆ ಬೇಕಾದದ್ದು ಒಳಗಿನ ಹಿತ್ತಾಳೆ, ತೂಕಕ್ಕೆ ಹಾಕುತ್ತಾನೆ. ಬಿಳಿಯ ಚೂರುಗಳನ್ನು ಸಂಜೆ ಗುಡಿಸಿ ಚರಂಡಿಯ ಅಂಚಿಗೆ ತಳ್ಳುತ್ತಾನೆ. ಚಾಮರಾಜಪೇಟೆಯ ಕಿಟಕಿಯ ಪಕ್ಕ ಏಣಿಯ ಮೇಲೆ ನಿಂತ ಹುಡುಗನ ಕೈಯಲ್ಲಿ ಉಳಿ ಇದೆ, ಮನೆಯಾಕೆ ಇನ್ನೂ ಯೋಚಿಸುತ್ತಿದ್ದಾರೆ. “ಇರಲಿ ಬಿಡಪ್ಪ, ಸುತ್ತ ಬಳಿ” ಎನ್ನುತ್ತಾರೆ. ಅವನು ಕುಂಚವನ್ನು ಅದ್ದಿ, ಪಿಂಗಾಣಿಯ ಅಂಚು ಬಿಟ್ಟು, ಬಳಿಯತೊಡಗುತ್ತಾನೆ.